ಸೇರಿಸಿಕೊಳ್ಳಲು ದಿನದ ಲೆಕ್ಕ, ಕಳಿಸಿಕೊಡಲು ಗಡುವಿಲ್ಲ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಗೆ 2017ರಲ್ಲಿ ಸಂಸತ್ತಿನ ಒಪ್ಪಿಗೆ ದೊರೆತು, 2018ರ ಮೇ ತಿಂಗಳಲ್ಲಿ ಅದು ಜಾರಿಗೆ ಬಂದಾಗಿನಿಂದ ನಡೆದಿರುವ ವಾಗ್ವಾದ ಬಹುಮಟ್ಟಿಗೆ ಆಸ್ಪತ್ರೆಯ ಹೊಸ್ತಿಲಿನ ಸುತ್ತಲೇ ಸುತ್ತಿದೆ. ರೋಗಿಯನ್ನು ಆತನ ಇಚ್ಛೆಗೆ ವಿರುದ್ಧವಾಗಿ ಸೇರಿಸಿಕೊಳ್ಳಬಹುದೇ, ಸೇರಿಸಿಕೊಂಡರೆ ಎಷ್ಟು ದಿನ, ಯಾರ ಸಹಿಯ ಮೇಲೆ ಎಂಬ ಪ್ರಶ್ನೆಗಳಲ್ಲಿ ಮನೋವೈದ್ಯರೂ ಹಕ್ಕುಗಳ ಪರವಾದ ಹೋರಾಟಗಾರರೂ ಎದುರುಬದುರಾಗಿ ನಿಂತಿದ್ದಾರೆ. ಇವು ಕ್ಷುಲ್ಲಕ ಪ್ರಶ್ನೆಗಳಲ್ಲ. ಆದರೆ ಗುಣಮುಖರಾದವರು ಅದೇ ಹೊಸ್ತಿಲನ್ನು ದಾಟಿ ಹೊರಗೆ ಬಂದಾಗ ಅವರಿಗೆ ಎಲ್ಲಿ ನೆಲೆ ಎಂಬ ಪ್ರಶ್ನೆ ಈ ಗದ್ದಲದಲ್ಲಿ ಕೇಳಿಸದೇ ಹೋಗಿದೆ, ಮತ್ತು ಹಾಗೆ ಕೇಳಿಸದಿರುವುದು ಸರ್ಕಾರಗಳಿಗೆ ಬಹಳ ಅನುಕೂಲವಾಗಿ ಪರಿಣಮಿಸಿದೆ.

ಒಳಗೆ ಸೇರಿಸಿಕೊಳ್ಳುವ ವಿಷಯದಲ್ಲಿ ಕಾಯ್ದೆ ದಿನಗಳನ್ನಷ್ಟೇ ಅಲ್ಲ, ಗಂಟೆಗಳನ್ನೂ ಎಣಿಸುತ್ತದೆ. ತುರ್ತು ಚಿಕಿತ್ಸೆಗೆ 72 ಗಂಟೆಗಳ ಮಿತಿಯಿದೆ. ಸ್ವಂತವಾಗಿ ನಿರ್ಧಾರ ತೆಗೆದುಕೊಳ್ಳಲು ಹೆಚ್ಚಿನ ನೆರವು ಬೇಕಾಗಿರುವ ವ್ಯಕ್ತಿಯನ್ನು ಆತನ ಪ್ರತಿನಿಧಿಯ ಕೋರಿಕೆಯ ಮೇಲೆ, ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿದ ನಂತರ ಸೇರಿಸಿಕೊಳ್ಳುವ ‘ಬೆಂಬಲಿತ ದಾಖಲಾತಿ’ಗೆ 30 ದಿನಗಳ ಮಿತಿಯಿದೆ, ಅದನ್ನು ಮೀರಿದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ, ಎಂದರೆ ದಾಖಲಾತಿ ನ್ಯಾಯಯುತವೇ ಎಂದು ನೋಡುವ ಅರೆನ್ಯಾಯಿಕ ಸಂಸ್ಥೆಯ, ಅನುಮತಿ ಬೇಕು. ಈ ಕಾಗದಪತ್ರಗಳ ಹೊರೆ ಚಿಕಿತ್ಸೆಯನ್ನು ತಡಮಾಡುತ್ತದೆ ಎಂಬ ವೈದ್ಯರ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೂ 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ ಕಾರಣಕ್ಕೇ ಬೆಂಕಿಯಿಂದ ಓಡಲಾಗದೆ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ಮನೋರೋಗಿಗಳು ಸುಟ್ಟು ಸತ್ತ ದೇಶದಲ್ಲಿ ಆ ಹೊರೆಯನ್ನು ಹೊರಲೇಬೇಕಾಗುತ್ತದೆ.

ಇದೇ ಕಾಯ್ದೆಯ 19ನೇ ಕಲಮಿಗೆ ಬಂದರೆ ಎಣಿಕೆ ಥಟ್ಟನೆ ನಿಂತುಬಿಡುತ್ತದೆ. ಕುಟುಂಬವಿಲ್ಲ, ಕುಟುಂಬ ಒಪ್ಪುತ್ತಿಲ್ಲ, ಮನೆಯಿಲ್ಲ, ಸಮುದಾಯದಲ್ಲಿ ಸೌಲಭ್ಯವಿಲ್ಲ ಎಂಬ ಕಾರಣಗಳಿಂದಷ್ಟೇ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ ಎಂದು ಆ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಅಂಥವರಿಗೆ ಆಸ್ಪತ್ರೆಗೂ ಸ್ವತಂತ್ರ ಬದುಕಿಗೂ ನಡುವಿನ ತಂಗುದಾಣಗಳಾದ ಹಾಫ್‌ವೇ ಹೋಮ್‌ಗಳನ್ನೂ, ಕೆಲವರು ಒಟ್ಟಾಗಿ ಸಂಸಾರ ಹೂಡುವ ಸಮೂಹ ಗೃಹಗಳನ್ನೂ ಸರ್ಕಾರ ಒದಗಿಸಬೇಕು ಎನ್ನುತ್ತದೆ. ಯಾವಾಗ ಎಂದರೆ, ‘ಸಮಂಜಸ ಅವಧಿಯೊಳಗೆ’. ರೋಗಿಯ ವಿಷಯದಲ್ಲಿ ಗಂಟೆಗಳ ಲೆಕ್ಕ ಇಡುವ ಕಾನೂನು ಸರ್ಕಾರದ ವಿಷಯದಲ್ಲಿ ಪಂಚಾಂಗವನ್ನೇ ಮಡಿಸಿಟ್ಟಿದೆ. (ಹಾಫ್‌ವೇ ಹೋಮ್‌ಗೆ ಕನ್ನಡದಲ್ಲಿ ‘ನಡುಮನೆ’ ಎನ್ನೋಣವೆಂದರೆ ಆ ಪದ ಈಗಾಗಲೇ ಮನೆಯೊಳಗೆ ಎಲ್ಲರೂ ಕೂಡುವ ಜಾಗಕ್ಕೆ ಸಂದುಹೋಗಿದೆ, ಆಸ್ಪತ್ರೆಯಿಂದ ಮರಳಿದವರಿಗೆ ದಕ್ಕದಿರುವುದೂ ಆ ಜಾಗವೇ.)

ಇದರ ಫಲ ಗುಟ್ಟಾಗಿ ಉಳಿದಿಲ್ಲ. ಗುಣಮುಖರಾದ ಮನೋರೋಗಿಗಳನ್ನು ಭಿಕ್ಷುಕರ ಪುನರ್ವಸತಿ ಕೇಂದ್ರಗಳಿಗೂ ವೃದ್ಧಾಶ್ರಮಗಳಿಗೂ ಸಾಗಿಸುತ್ತಿದ್ದ ಮಹಾರಾಷ್ಟ್ರದ ಕ್ರಮವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ತಡೆಯಬೇಕಾಯಿತು. ಗ್ವಾಲಿಯರ್, ಆಗ್ರಾ ಮತ್ತು ರಾಂಚಿಯ ಆಸ್ಪತ್ರೆಗಳನ್ನು ನೋಡಿ ಬಂದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು, ವಾಸಿಯಾದವರನ್ನೂ ಒಳಗೇ ಇರಿಸಿಕೊಂಡಿರುವುದು ಕಾನೂನುಬಾಹಿರವೆಂದು 2023ರಲ್ಲಿ ಕಟುವಾಗಿ ನುಡಿಯಿತು.

ಮನೆಗೆ ಮರಳಿದವರ ಸ್ಥಿತಿಯೂ ಬೇರೆ ಬಗೆಯ ದಾಖಲಾತಿಯಂತೆಯೇ ಇರುತ್ತದೆ. ಮಾತ್ರೆಗಳಿಂದ ಬರುವ ಮಂಪರು, ಕೈನಡುಕ ಮತ್ತು ಏರುವ ಮೈತೂಕವನ್ನು ಸೋಮಾರಿತನವೆಂದು ಭಾವಿಸುವ, ಸಹಜವಾದ ಸಿಟ್ಟನ್ನು ರೋಗ ಮರುಕಳಿಸಿದ ಲಕ್ಷಣವೆಂದು ಶಂಕಿಸುವ ಕಣ್ಗಾವಲಿನಲ್ಲಿ ಅವರು ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಉತ್ತರ ಕರ್ನಾಟಕದಲ್ಲಿ ‘ಧಾರವಾಡಕ್ಕೆ ಕಳಿಸಬೇಕು’ ಎಂದೂ ಬೆಂಗಳೂರಿನ ಸುತ್ತ ‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎಂದೂ ಅಲ್ಲಿನ ಮಾನಸಿಕ ಆಸ್ಪತ್ರೆಗಳನ್ನು ನೆನೆದು ಲೋಕ ಆಡುವ ಹಾಸ್ಯಕ್ಕೆ ನಿಜವಾಗಿ ಅಲ್ಲಿಗೆ ಹೋಗಿ ಬಂದವರು ತೆರುವ ಬೆಲೆ ಮದುವೆಯ ಮಾತುಕತೆಯಲ್ಲಿ, ಬಾಡಿಗೆ ಮನೆ ಹುಡುಕುವಾಗ, ಕೆಲಸದ ಸಂದರ್ಶನದಲ್ಲಿ ವಸೂಲಾಗುತ್ತದೆ. ಅಂಗವಿಕಲರ ಹಕ್ಕುಗಳ ಕುರಿತ 2016ರ ಕಾಯ್ದೆ ಮನೋರೋಗವನ್ನೂ ಸರ್ಕಾರಿ ಹುದ್ದೆಗಳ ಮೀಸಲಾತಿಯ ವ್ಯಾಪ್ತಿಗೆ ತಂದಿದೆಯಾದರೂ, ಅರ್ಜಿಯಲ್ಲಿ ಅದನ್ನು ನಮೂದಿಸುವ ಧೈರ್ಯ ಎಷ್ಟು ಮಂದಿಗಿದ್ದೀತು?

ಎಲ್ಲ ತಪ್ಪನ್ನೂ ಕುಟುಂಬದ ಮೇಲೆ ಹೊರಿಸುವುದು ಸುಲಭ, ಆದರೆ ಅನ್ಯಾಯ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಬಂಧುಗಳನ್ನು ಆವರಣದ ಡೇರೆಗಳಲ್ಲಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ತೊಡಗಿಸಿದ ಪ್ರಯೋಗವೂ, ಮುಂದೆ ನಿಮ್ಹಾನ್ಸ್‌ನಲ್ಲಿ ಬೆಳೆದ ಕುಟುಂಬ ವಾರ್ಡಿನ ಪದ್ಧತಿಯೂ ಭಾರತೀಯ ಮನೋವೈದ್ಯಕ್ಕೆ ಹೆಮ್ಮೆ ತಂದ ಸಂಗತಿಗಳು. ಆ ಹೆಮ್ಮೆಯನ್ನು ಆಳುವವರು ಉಳಿತಾಯದ ಯೋಜನೆಯಾಗಿ ಮಾರ್ಪಡಿಸಿಕೊಂಡರು: ಮನೆಯವರಿದ್ದಾರೆ, ಆದ್ದರಿಂದ ಬೇರೆ ವ್ಯವಸ್ಥೆ ಬೇಡ. ಕೂಲಿ ಬಿಟ್ಟು ವಾರಗಟ್ಟಲೆ ವಾರ್ಡಿನಲ್ಲಿ ಕೂತ ತಾಯಿಗೆ, ಅವಳ ನಂತರ ಮಗನಿಗಾರು ಎಂಬ ಅವಳ ಪ್ರಶ್ನೆಗೆ ಈ ತರ್ಕದಲ್ಲಿ ಜಾಗವಿಲ್ಲ.

ಕರ್ನಾಟಕಕ್ಕೆ ದಾರಿ ಗೊತ್ತಿಲ್ಲವೆನ್ನಲಾಗದು. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಯ ಮಾದರಿ 1980ರ ದಶಕದಲ್ಲಿ ರೂಪುಗೊಂಡದ್ದು ಬಳ್ಳಾರಿಯಲ್ಲಿ. ಬೆಂಗಳೂರಿನಲ್ಲಿ ಮೆಡಿಕೊ ಪಾಸ್ಟೋರಲ್ ಅಸೋಸಿಯೇಷನ್ ಎಂಬ ಸ್ವಯಂಸೇವಾ ಸಂಸ್ಥೆ ಹುಟ್ಟಿದ್ದು 1964ರಲ್ಲಿ, ಹಾಫ್‌ವೇ ಹೋಮ್ ಎಂಬ ಕಲ್ಪನೆಯನ್ನು ಈ ದೇಶಕ್ಕೆ ಪರಿಚಯಿಸಿದವರಲ್ಲಿ ಅದೂ ಒಂದು. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಯೋಜನೆ ಮಾತ್ರೆಗಾಗಿ ಬೆಂಗಳೂರಿಗೆ ಅಲೆಯುವುದನ್ನು ತಪ್ಪಿಸುವ ಯೋಗ್ಯ ಕ್ರಮವೇ ಸರಿ. ಆದರೆ ಮಾತ್ರೆ ಕೊಟ್ಟು ಕಳಿಸಲು ಒಂದು ವಿಳಾಸ ಬೇಕು. 30 ದಿನ ಮೀರಿ ರೋಗಿಯನ್ನು ಏಕೆ ಇರಿಸಿಕೊಂಡಿರಿ ಎಂದು ಪರಿಶೀಲನಾ ಮಂಡಳಿ ವೈದ್ಯರನ್ನು ಕೇಳುವಂತೆಯೇ, ವಾಸಿಯಾದವರಿಗೆ ಮನೆಯನ್ನು ಯಾವ ದಿನಾಂಕದೊಳಗೆ ಕೊಡುತ್ತೀರಿ ಎಂದು ಇಲಾಖೆಯನ್ನೂ ಕೇಳುವಂತಾಗಬೇಕು. ಪ್ರತಿ ಆಸ್ಪತ್ರೆಯೂ ಚಿಕಿತ್ಸೆ ಮುಗಿದ ಮೇಲೂ ಒಳಗುಳಿದವರ ಸಂಖ್ಯೆಯನ್ನು ವರ್ಷಕ್ಕೊಮ್ಮೆ ಬಹಿರಂಗಪಡಿಸಬೇಕು. 19ನೇ ಕಲಮಿನಲ್ಲಿರುವ ‘ಸಮಂಜಸ ಅವಧಿ’ ಎಂಬ ಪದಗಳನ್ನು ಹೊಡೆದು ಅಲ್ಲೊಂದು ಅಂಕಿಯನ್ನು ಬರೆಯಬೇಕು.