ಹವ್ಯಾಸಿ ಅಂದ್ರೆ ಅಷ್ಟು ಹಗುರಾನಾ ಸ್ವಾಮಿ?

"ಅಲ್ಲೇನಿದೆ ಮಾರಾಯ? ಮಳೆ, ಆಲೂಗಡ್ಡೆ, ಪಬ್ಬು. ಮೂರು ದಿನಕ್ಕೇ ಬೋರು."

ಐರ್ಲೆಂಡಿನ ಸಣ್ಣ ಊರುಗಳ ಬಗ್ಗೆ ನಮ್ಮವರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ, ಲೆಕ್ಕ ಇಟ್ಟಿಲ್ಲ. ಡಬ್ಲಿನ್ನಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವರು ಹೇಳುತ್ತಾರೆ. ಟೂರ್ ಬಸ್ಸಿನಲ್ಲಿ ಬಂದು ಮೊಹೆರ್ ಕಡಿದಾದ ಬಂಡೆಗಳ ಮುಂದೆ ಫೋಟೋ ತೆಗೆಸಿಕೊಂಡು ಹೋದವರೂ ಹೇಳುತ್ತಾರೆ. ಈ ದೇಶದ ನಡುಮಧ್ಯದ ಒಂದು ಪುಟ್ಟ ಊರಿನಲ್ಲಿ ಸಂಸಾರ ಹೂಡಿರುವ ನನಗೆ ಮಳೆಯ ವಿಷಯದಲ್ಲಿ ತಕರಾರಿಲ್ಲ, ಮಲೆನಾಡಿನವರಿಗೂ ಇಲ್ಲಿನ ಮಳೆ ಸಾಕು ಸಾಕು ಅನ್ನಿಸುತ್ತೆ. ತಕರಾರಿರೋದು "ಅಲ್ಲೇನಿದೆ" ಅನ್ನೋ ಮಾತಿಗೆ. ಅದಕ್ಕಿಂತ ಹೆಚ್ಚಾಗಿ, ಅದರ ಬೆನ್ನಿಗೇ ಬರುವ ಇನ್ನೊಂದು ಮಾತಿಗೆ. "ನಮ್ಮೂರಲ್ಲಿ ಶನಿವಾರ ನಾಟಕ ಇದೆ, ಬನ್ನಿ" ಅಂತ ಕರೆದರೆ ಕೇಳೋ ಮೊದಲ ಪ್ರಶ್ನೆ: "ಯಾರ ತಂಡ? ಪ್ರೊಫೆಷನಲ್ಲಾ?" ಅಲ್ಲ, ಊರಿನವರೇ ಅಂದರೆ, "ಓ... ಅಮೆಚೂರಾ..." ಆ "ಓ"ದಲ್ಲಿ ಇರೋ ಕನಿಕರ ಇದೆಯಲ್ಲ, ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತೆ. ಅದರ ಮೇಲೇ ಈ ಪೋಸ್ಟು. ಉದ್ದ ಆಗಿದೆ, ಚಾ ಮಾಡ್ಕೊಂಡು ಬನ್ನಿ :-)

ಮೊದಲು ಆ ಪ್ರೊಫೆಷನಲ್ ಅನ್ನೋ ದೊಡ್ಡ ಮನೆಯ ಹುಟ್ಟನ್ನೇ ನೋಡೋಣ. ಐರ್ಲೆಂಡಿನ ರಾಷ್ಟ್ರೀಯ ರಂಗಮಂದಿರ ಅಬ್ಬೆ ಥಿಯೇಟರ್ 1904ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ಯೇಟ್ಸ್, ಲೇಡಿ ಗ್ರೆಗರಿ, ಸಿಂಜ್ ಅಂತ ನಾವು ಪಠ್ಯದಲ್ಲಿ ಓದಿದ ಹೆಸರುಗಳೆಲ್ಲ ಅಲ್ಲಿಯವು. ಆದರೆ ಆ ಹೆಸರುಗಳಿಗೆ ದೇಹ ಕೊಟ್ಟವರು ಯಾರು? ವಿಲಿ ಫೇ ಮತ್ತು ಫ್ರಾಂಕ್ ಫೇ ಅನ್ನೋ ಅಣ್ಣತಮ್ಮಂದಿರು. ಒಬ್ಬ ಎಲೆಕ್ಟ್ರಿಷಿಯನ್, ಇನ್ನೊಬ್ಬ ಗುಮಾಸ್ತ. ಹಗಲಿಗೆ ಕೆಲಸ, ಸಂಜೆಗೆ ತಾಲೀಮು. 1902ರ ಏಪ್ರಿಲಿನಲ್ಲಿ ಡಬ್ಲಿನ್ನಿನ ಸೇಂಟ್ ತೆರೇಸಾ ಹಾಲಿನಲ್ಲಿ ಯೇಟ್ಸರ 'ಕ್ಯಾಥ್ಲೀನ್ ನಿ ಹೌಲಿಹಾನ್' ಆಡಿದ್ದು ಇವರ ಗುಂಪು. ಅಂದರೆ ಶುದ್ಧ ಹವ್ಯಾಸಿಗಳು. ಅಬ್ಬೆ ಥಿಯೇಟರಿನ ಬೇರು ಅದೇ.

ಆ ಗುಂಪಿನ ಸುತ್ತ ಓಡಾಡುತ್ತಿದ್ದವರಲ್ಲಿ ಒಬ್ಬರನ್ನು ಕನ್ನಡಿಗರಾದ ನಾವು ಮರೆಯೋ ಹಾಗೇ ಇಲ್ಲ. ಬೆಲ್ಫಾಸ್ಟಿನ ಜೇಮ್ಸ್ ಕಸಿನ್ಸ್. ಅವರ 'ರೇಸಿಂಗ್ ಲಗ್' ನಾಟಕವನ್ನು ಫೇ ತಂಡ 1902ರಲ್ಲೇ ಆಡಿತ್ತು. ಮುಂದೆ 1915ರಲ್ಲಿ ಹೆಂಡತಿ ಮಾರ್ಗರೆಟ್ ಜೊತೆ ಭಾರತಕ್ಕೆ ಬಂದರು. ಮಾರ್ಗರೆಟ್ ಹುಟ್ಟಿದ್ದು ರಾಸ್‌ಕಾಮನ್ ಕೌಂಟಿಯ ಬಾಯ್ಲ್ ಅನ್ನೋ ಸಣ್ಣ ಊರಿನಲ್ಲಿ. ನಾವು ಇವತ್ತು ಹಾಡುವ ಜನಗಣಮನದ ಧಾಟಿಗೆ ಮದನಪಲ್ಲಿಯಲ್ಲಿ 1919ರಲ್ಲಿ ಸ್ವರಲಿಪಿ ಬರೆದಾಕೆ ಈಕೆಯೇ. 1924ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಪದ್ಯಗಳನ್ನು ಹಿಡಿದುಕೊಂಡು ಬಂದ ಒಬ್ಬ ಹುಡುಗನಿಗೆ ಕಸಿನ್ಸ್, ನಿನ್ನ ಭಾಷೆಯಲ್ಲಿ ಯಾಕೆ ಬರೆಯೋದಿಲ್ಲ ಅಂತ ಕೇಳಿದರು. ಹುಡುಗ ಕುವೆಂಪು ಆದ ಕಥೆ ನಿಮಗೆಲ್ಲ ಗೊತ್ತು. ನನಗೆ ಮುಖ್ಯ ಅನ್ನಿಸೋದು ಇದು: ಆ ಬುದ್ಧಿಮಾತು ಕಸಿನ್ಸರಿಗೆ ಆಕಾಶದಿಂದ ಉದುರಿದ್ದಲ್ಲ. ನಮ್ಮ ಕಥೆಯನ್ನು ನಮ್ಮವರೇ, ನಮ್ಮ ಹಾಲಿನಲ್ಲಿ, ನಮ್ಮ ಮಾತಿನ ಧಾಟಿಯಲ್ಲಿ ಆಡಬೇಕು ಅಂತ ಹಟ ಹಿಡಿದಿದ್ದ ಗುಮಾಸ್ತರ, ಎಲೆಕ್ಟ್ರಿಷಿಯನ್ನರ ಸಹವಾಸ ಮಾಡಿ ಬಂದವರು ಅವರು. ಈಗ ಹೇಳಿ, "ಓ ಅಮೆಚೂರಾ?"

ಇನ್ನೊಂದು ಉದಾಹರಣೆ, ಇದು ಇನ್ನೂ ಖಾರ. ಕೆರ್ರಿ ಕೌಂಟಿಯ ಲಿಸ್ಟೋಲ್ ಊರಿನಲ್ಲಿ ಪಬ್ ನಡೆಸುತ್ತಿದ್ದ ಜಾನ್ ಬಿ. ಕೀನ್ 'ಸೈವ್' ಅನ್ನೋ ನಾಟಕ ಬರೆದರು. ದುಡ್ಡಿನ ಆಸೆಗೆ ಅಪ್ಪನಿಲ್ಲದ ಹುಡುಗಿಯನ್ನು ಮುದುಕನಿಗೆ ಕಟ್ಟುವ ಕಥೆ. ನಮ್ಮಲ್ಲಿ ಕನ್ಯಾವಿಕ್ರಯ ಅಂತಿದ್ದರಲ್ಲ, ಅದೇ. ಅಬ್ಬೆ ಥಿಯೇಟರಿಗೆ ಕಳಿಸಿದರೆ ತಿರಸ್ಕಾರ. ಅಷ್ಟು ಹೊತ್ತಿಗೆ ಹವ್ಯಾಸಿಗಳ ಮನೆಯನ್ನು ಅಬ್ಬೆಯೇ ಮರೆತಿತ್ತು ನೋಡಿ! ಲಿಸ್ಟೋಲ್‌ನ ಊರಿನವರು 1959ರಲ್ಲಿ ತಾವೇ ಆಡಿದರು. ಅದೇ ವರ್ಷ ಆಥ್‌ಲೋನಿನ ಅಖಿಲ ಐರ್ಲೆಂಡ್ ನಾಟಕ ಸ್ಪರ್ಧೆಯಲ್ಲಿ ಗೆದ್ದರು. ಆಮೇಲೆ ಅದೇ ಅಬ್ಬೆ ಆ ತಂಡವನ್ನು ಕರೆದು ತನ್ನ ವೇದಿಕೆ ಮೇಲೆ ಆಡಿಸಿತು. ಕೀನರ 'ದಿ ಫೀಲ್ಡ್' 1990ರಲ್ಲಿ ಸಿನಿಮಾ ಆಯ್ತು, ರಿಚರ್ಡ್ ಹ್ಯಾರಿಸ್‌ಗೆ ಆಸ್ಕರ್ ನಾಮಕರಣ ಬಂತು. ಊರಿನ ಹವ್ಯಾಸಿಗಳು ಆವತ್ತು ಕೈ ಬಿಟ್ಟಿದ್ದರೆ?

ಆಥ್‌ಲೋನಿನ ಆ ಸ್ಪರ್ಧೆ 1953ರಲ್ಲಿ ಶುರುವಾಗಿದ್ದು. ನಡೆಯುವ ರೀತಿ ಕೇಳಿ, ನಮ್ಮ ಕಡೆ ಯಾರಾದರೂ ಕದ್ದರೂ ಒಳ್ಳೆಯದೇ. ಚಳಿಗಾಲ ಪೂರ್ತಿ ಹಾಲುಗಳಲ್ಲಿ ತಾಲೀಮು. ಮಾರ್ಚ್ ಬಂತೆಂದರೆ ದೇಶದ ಸಣ್ಣ ಊರುಗಳಲ್ಲೆಲ್ಲ ಸಾಲುಸಾಲಾಗಿ ನಾಟಕೋತ್ಸವ. ತಂಡಗಳು ಸೆಟ್ಟನ್ನು ವ್ಯಾನಿಗೆ ತುಂಬಿಕೊಂಡು ಊರಿಂದೂರಿಗೆ ಹೋಗುತ್ತವೆ. ಗಳಿಸಿದ ಅಂಕಗಳ ಮೇಲೆ ಒಂಬತ್ತು ತಂಡಗಳು ಆಥ್‌ಲೋನಿಗೆ. ಒಂಬತ್ತು ರಾತ್ರಿ ಒಂಬತ್ತು ನಾಟಕ. ಸಣ್ಣ ಊರುಗಳ ತಂಡಗಳಿಗೆ ಅಂತಲೇ ಬೇರೆ ವಿಭಾಗ ಇದೆ, ಅದರ ಫೈನಲ್ ವರ್ಷಕ್ಕೊಂದು ಊರಿನಲ್ಲಿ. ನನಗೆ ತುಂಬಾ ಇಷ್ಟವಾಗೋದು ನಾಟಕ ಮುಗಿದ ಮೇಲಿನ ಭಾಗ. ಪರದೆ ಬಿದ್ದು ಸ್ವಲ್ಪ ಹೊತ್ತಿಗೆ ತೀರ್ಪುಗಾರ ಸ್ಟೇಜ್ ಹತ್ತಿ, ಪ್ರೇಕ್ಷಕರೆಲ್ಲರ ಎದುರಿಗೇ, ನಾಟಕದ ಒಳಿತು ಕೆಡುಕು ಹೇಳುತ್ತಾನೆ. ಎರಡನೇ ಅಂಕದಲ್ಲಿ ಬೆಳಕು ಯಾಕೆ ಕೆಟ್ಟಿತು, ಆ ತಾಯಿಯ ಪಾತ್ರ ಯಾಕೆ ಅಷ್ಟು ಬೇಗ ಅತ್ತಿತು... ಎಲ್ಲ. ಜನ ಎದ್ದು ಹೋಗೋದಿಲ್ಲ. ಕೂತು ಕೇಳುತ್ತಾರೆ, ಒಪ್ಪದಿದ್ದರೆ ಮರುದಿನ ಅಂಗಡಿಯ ಕ್ಯೂನಲ್ಲಿ ವಾದ ಮಾಡುತ್ತಾರೆ. ಟ್ರ್ಯಾಕ್ಟರ್ ರಿಪೇರಿ ಮಾಡುವವರು ಬ್ರಯನ್ ಫ್ರೀಲ್ ನಾಟಕದ ಮೂರನೇ ದೃಶ್ಯದ ಬಗ್ಗೆ ಜಗಳ ಆಡೋದನ್ನು ಬೆಂಗಳೂರಿನ ಯಾವ ಮಾಲ್‌ನಲ್ಲಿ ಕೇಳಿದ್ದೀರಿ?

ಎಲ್ಲ ಚಿನ್ನ ಅಂತ ಹೇಳ್ತಿಲ್ಲ. ಗೋಡೆ ಅಲ್ಲಾಡುವ ಸೆಟ್ಟು, ಕೊನೇ ಸಾಲಿಗೂ ಕೇಳುವ ಪ್ರಾಂಪ್ಟರ್, ಇಪ್ಪತ್ತೈದರ ಹುಡುಗನ ಪಾತ್ರದಲ್ಲಿ ಐವತ್ತರ ಹಿರಿಯರು... ಎಲ್ಲ ಅನುಭವಿಸಿದ್ದೇನೆ. ಅವವೇ ನಾಟಕಗಳನ್ನು ತಿರುಗಾ ಮುರುಗಾ ಆಡುವ ಚಾಳಿಯೂ ಇದೆ. ಆದರೆ ಕೆಟ್ಟ ಪ್ರೊಫೆಷನಲ್ ನಾಟಕಕ್ಕೆ ದುಡ್ಡು ಕೊಟ್ಟು ಡಬ್ಲಿನ್ನಿಂದ ಗೊಣಗುತ್ತಾ ಬಂದದ್ದೂ ಇದೆ, ಅಲ್ಲಿ ಬಿಟ್ಟಿ ಚಾ ಕೂಡ ಸಿಗಲಿಲ್ಲ.

ಬರೀ ನಾಟಕವೇ ಅಲ್ಲ. ಹರ್ಲಿಂಗ್, ಗೇಲಿಕ್ ಫುಟ್‌ಬಾಲ್ ಆಡಿಸುವ ಜಿ.ಎ.ಎ. ಸಂಸ್ಥೆ 1969ರಿಂದ 'ಸ್ಕೋರ್' ಅಂತ ಇನ್ನೊಂದು ಸ್ಪರ್ಧೆ ನಡೆಸುತ್ತೆ: ಹಾಡು, ಕುಣಿತ, ವಾದ್ಯ, ಕಥೆ ಹೇಳೋದು, ಹಾಸ್ಯದ ತುಣುಕು. ಒಂದು ಆಟದ ಸಂಸ್ಥೆ ಇದನ್ನು ಮಾಡೋದು! ನಮ್ಮ ಕ್ರಿಕೆಟ್ ಸಂಸ್ಥೆಗಳು ಲಾವಣಿ ಸ್ಪರ್ಧೆ ನಡೆಸೋದನ್ನು ಕಲ್ಪಿಸಿಕೊಳ್ಳಿ, ನಗು ಬಂದರೆ ನಾನು ಜವಾಬ್ದಾರನಲ್ಲ.

"ಇದೆಲ್ಲ ಟೈಂಪಾಸ್" ಅನ್ನುವವರಿಗೆ ಒಂದು ಪ್ರಶ್ನೆ. ಟೈಂಪಾಸ್ ಆಗಿದ್ದರೆ ದೊಡ್ಡವರು ಇದಕ್ಕೆ ಅಷ್ಟು ಹೆದರಿದ್ದು ಯಾಕೆ? ಲೀಟ್ರಿಮ್ ಕೌಂಟಿಯಲ್ಲಿ ಜಿಮ್ಮಿ ಗ್ರಾಲ್ಟನ್ ಅನ್ನೋ ಕಮ್ಯುನಿಸ್ಟ್ ಊರಿನವರಿಗಾಗಿ ಒಂದು ಹಾಲ್ ಕಟ್ಟಿಸಿದ. ಕುಣಿತ, ಪಾಠ, ಸಭೆ. ಪಾದ್ರಿಗಳು ಉರಿದುಬಿದ್ದರು, ಹಾಲ್ ಬೆಂಕಿಗೆ ಹೋಯ್ತು, 1933ರಲ್ಲಿ ಸರ್ಕಾರ ಅವನನ್ನು ಸ್ವಂತ ದೇಶದಿಂದಲೇ ಗಡೀಪಾರು ಮಾಡಿ ಅಮೆರಿಕಕ್ಕೆ ಕಳಿಸಿತು. ಅಲ್ಲಿನ ಪೌರತ್ವ ಇತ್ತು ಅನ್ನೋದು ನೆಪ. (ಕೆನ್ ಲೋಚ್ 2014ರಲ್ಲಿ 'ಜಿಮ್ಮೀಸ್ ಹಾಲ್' ಅಂತ ಸಿನಿಮಾ ಮಾಡಿದರು, ಸಿಕ್ಕರೆ ನೋಡಿ.) 1935ರಲ್ಲಿ ಸಾರ್ವಜನಿಕ ಕುಣಿತಕ್ಕೆ ಲೈಸೆನ್ಸ್ ಬೇಕು ಅಂತ ಕಾನೂನೇ ಬಂತು. ಇವತ್ತು ಹಾಲುಗಳಿಗೆ ಪಾದ್ರಿಯ ಭಯ ಇಲ್ಲ. ಇನ್ಶೂರೆನ್ಸ್ ಬಿಲ್ಲು, ಹೀಟಿಂಗ್ ಬಿಲ್ಲು, ಮತ್ತೆ ಬಾರದ ಜನ, ಇವುಗಳ ಭಯ. ನಮ್ಮೂರಿನ ಹಾಲಿನ ಕಮಿಟಿ ಮೀಟಿಂಗಿನಲ್ಲಿ ಕೂತರೆ ಕೇಳೋದು ಇದನ್ನೇ. ಬಾರದ ಜನರಲ್ಲಿ ನಮ್ಮವರೂ ಇದ್ದಾರೆ ಅನ್ನೋದೇ ನನ್ನ ಸಂಕಟ.

ಇನ್ನು ಊಟ. ಆಲೂಗಡ್ಡೆ ಅಂತ ನಗುವವರು ಒಂದು ನಿಮಿಷ ತಡೀರಿ. 1845ರಿಂದ ಅದೇ ಆಲೂಗಡ್ಡೆಗೆ ರೋಗ ಬಿದ್ದು ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಅಷ್ಟು ಜನ ಹಡಗು ಹತ್ತಿದರು, ಅದೇ ಹೊತ್ತಿನಲ್ಲಿ ಬಂದರುಗಳಿಂದ ಧಾನ್ಯ ಹೊರಗೆ ಹೋಗುತ್ತಿತ್ತು. ಇಲ್ಲಿ ಆಲೂಗಡ್ಡೆ ಜೋಕು ಮಾಡೋ ಮುಂಚೆ ಎದುರಿಗೆ ಯಾರಿದ್ದಾರೆ ಅಂತ ನೋಡಿಕೊಳ್ಳೋದು ಒಳ್ಳೆಯದು.

ಅದೇ ಆಲೂಗಡ್ಡೆಯನ್ನು ಹಸಿಯಾಗಿ ತುರಿದು, ನೀರು ಹಿಂಡಿ, ಬೇಯಿಸಿ ಹಿಸುಕಿದ್ದನ್ನೂ ಸೇರಿಸಿ, ಹಿಟ್ಟು ಮಜ್ಜಿಗೆ ಕಲಸಿ ಕಾವಲಿ ಮೇಲೆ ಹುಯ್ದರೆ ಬಾಕ್ಸ್‌ಟಿ. ಲೀಟ್ರಿಮ್, ಕ್ಯಾವನ್ ಕಡೆಯದು. ಹುರಿದ ಅಂಚಿನ ಗರಿಗರಿ ತಿಂದವರು ಇದಕ್ಕೂ ನಮ್ಮ ದೋಸೆಗೂ ಏನೋ ದೂರದ ನಂಟಿರಬೇಕು ಅಂತೀರಿ. ಸೋಡಾ ಬ್ರೆಡ್ಡಿನ ಗುಟ್ಟೂ ಮಜ್ಜಿಗೆಯೇ: ಇಲ್ಲಿನ ಮೆದು ಗೋಧಿ ಯೀಸ್ಟಿಗೆ ಅಷ್ಟು ಒಗ್ಗೋದಿಲ್ಲ, ಮಜ್ಜಿಗೆಯ ಹುಳಿ ಅಡಿಗೆ ಸೋಡಾಕ್ಕೆ ತಾಗಿ ಹಿಟ್ಟು ಉಬ್ಬುತ್ತೆ. ನಾದುವ ಹಾಗಿಲ್ಲ, ಮುಟ್ಟಿದಷ್ಟೂ ಗಟ್ಟಿ. ಪಕ್ಕದ ಮನೆಯ ಅಜ್ಜಿ ಅಳತೆ ಕೇಳಿದರೆ ನಮ್ಮಜ್ಜಿಯ ಹಾಗೇ "ಕೈಗೆ ಗೊತ್ತಾಗುತ್ತೆ" ಅನ್ನುತ್ತಾರೆ. ಮಾಂಸ ತಿನ್ನುವವರಿಗೆ ಕ್ಲೊನಕಿಲ್ಟಿಯ ಬ್ಲ್ಯಾಕ್ ಪುಡ್ಡಿಂಗ್ ಇದೆ (ದನದ ರಕ್ತದ್ದು, ಮೊದಲೇ ಹೇಳಿಬಿಟ್ಟೆ), ವಾಟರ್‌ಫರ್ಡಿನ ಬ್ಲಾ ಅನ್ನೋ ಮೆತ್ತನೆ ಬನ್ನಿಗೆ 2013ರಲ್ಲಿ ಯೂರೋಪಿನ ಭೌಗೋಳಿಕ ಮಾನ್ಯತೆ ಸಿಕ್ಕಿದೆ. ನಾಟಕ ಮುಗಿಸಿಕೊಂಡು ಬರುವಾಗ ತೆರೆದಿರೋದು ಚಿಪ್ಪರ್ ಅಂಗಡಿ. ಇಂಥ ಅಂಗಡಿ ಇಟ್ಟವರಲ್ಲಿ ಬಹುಪಾಲು ಇಟಲಿಯ ಕಸಲಾಟಿಕೊ ಅನ್ನೋ ಒಂದೇ ಊರಿನ ಕಡೆಯಿಂದ ಬಂದ ಮನೆತನದವರು. ನಮ್ಮ ಉಡುಪಿ ಹೋಟೆಲುಗಳ ಕಥೆ ನೆನಪಾಗಲ್ವಾ? ವಲಸೆ ಬಂದವರ ಅಡುಗೆ ಎರಡು ತಲೆಮಾರಿನಲ್ಲಿ ಊರಿನ ಅಡುಗೆ ಆಗಿಬಿಡುತ್ತೆ. ಟೂರಿಸ್ಟ್ ಮೆನುವಿನ "ಐರಿಷ್ ಸ್ಟ್ಯೂ" ತಿಂದು "ಇಲ್ಲಿ ಊಟವೇ ಇಲ್ಲ" ಅನ್ನುವವರು ಇದ್ಯಾವುದನ್ನೂ ಮುಟ್ಟಿರೋದಿಲ್ಲ.

ಸಿನಿಮಾಕ್ಕೆ ಬಂದರೆ ಬೇಜಾರೇ ಜಾಸ್ತಿ. ಡಿಂಗಲ್ ಊರಿನ ಹತ್ತಿರ ಡೇವಿಡ್ ಲೀನ್ 'ರಯಾನ್ಸ್ ಡಾಟರ್' (1970) ಚಿತ್ರಕ್ಕೆ ಕಲ್ಲಿನ ನಕಲಿ ಹಳ್ಳಿಯೊಂದನ್ನೇ ಕಟ್ಟಿಸಿದ್ದರು, ಇವತ್ತಿಗೂ ಪ್ರವಾಸಿಗರು ಅದರ ಜಾಗ ಹುಡುಕಿಕೊಂಡು ಹೋಗುತ್ತಾರೆ. ಅಸಲಿ ಊರಿನಲ್ಲಿ 1919ರಿಂದ ಇದ್ದ ಫೀನಿಕ್ಸ್ ಚಿತ್ರಮಂದಿರ 2021ರಲ್ಲಿ ಮುಚ್ಚಿದಾಗ ಆ ಪ್ರವಾಸಿಗರಲ್ಲಿ ಎಷ್ಟು ಜನಕ್ಕೆ ಗೊತ್ತಾಯ್ತೋ. ಒಳ್ಳೇ ಸುದ್ದಿಯೂ ಇದೆ. ಕ್ಲೇರ್ ಕೀಗನ್ ಕಥೆಯ ಮೇಲೆ 2022ರಲ್ಲಿ ಬಂದ 'ಅನ್ ಕಲೀನ್ ಕ್ಯೂನ್', ಆಸ್ಕರ್ ಅಂತರರಾಷ್ಟ್ರೀಯ ವಿಭಾಗಕ್ಕೆ ನಾಮಕರಣಗೊಂಡ ಮೊದಲ ಐರಿಷ್ ಭಾಷೆಯ ಚಿತ್ರ. ಅದನ್ನು ಇಲ್ಲಿ ಊರಿನವರ ನಡುವೆ ಕೂತು ನೋಡಿದೆ. ಸುತ್ತಲೂ ಇದ್ದ ಬಹಳ ಜನ ತಮ್ಮದೇ ದೇಶದ ಭಾಷೆಯನ್ನು ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ನೋಡುತ್ತಿದ್ದರು. ಹಾಲಿನಲ್ಲಿ ಸದ್ದೇ ಇಲ್ಲ. ಕನ್ನಡ ಸಿನಿಮಾಕ್ಕೆ ಒಂದು ದಿನ ಕನ್ನಡಿಗರೇ ಹೀಗೆ ಓದಿಕೊಂಡು ಕೂರುವ ಕಾಲ ಬಂದೀತಾ ಅಂತ ಯೋಚನೆ ಬಂದು, ಚಿತ್ರದ ದುಃಖದ ಜೊತೆ ಇದೂ ಸೇರಿಕೊಂಡಿತು. ನಂತರ 2024ರಲ್ಲಿ ಕೀಗನ್ನರದೇ 'ಸ್ಮಾಲ್ ಥಿಂಗ್ಸ್ ಲೈಕ್ ದೀಸ್' ಬಂತು. ಹೆಣ್ಣುಮಕ್ಕಳನ್ನು ಕೂಡಿಹಾಕಿ ದುಡಿಸುತ್ತಿದ್ದ ಮಠಗಳ ಬಗ್ಗೆ, ಕಂಡೂ ಸುಮ್ಮನಿದ್ದ ಸಣ್ಣ ಊರಿನ ಬಗ್ಗೆ. ಸಣ್ಣ ಊರನ್ನು ನಾನು ಹೊಗಳುತ್ತಿದ್ದೇನೆ ನಿಜ, ಆದರೆ ಅದರ ಮೌನಕ್ಕೂ ಅದೇ ಊರು ಸಾಕ್ಷಿ. ಅದನ್ನು ನ್ಯೂ ರಾಸ್ ಅನ್ನೋ ಸಣ್ಣ ಊರಿನ ಬೀದಿಗಳಲ್ಲೇ ಚಿತ್ರೀಕರಿಸಿದರು.

ಈಗ ನಮ್ಮ ಕಡೆಗೆ. ಹೊರದೇಶದಲ್ಲಿ ನಾನು ಕಂಡ ರಾಜ್ಯೋತ್ಸವಗಳ ರೀತಿ ಹೀಗೆ: ದೊಡ್ಡ ಊರಿನ ಹೋಟೆಲಿನಲ್ಲಿ ಹಾಲ್ ಬಾಡಿಗೆ, ಬೆಂಗಳೂರಿನಿಂದ ಟಿ.ವಿ. ಗಾಯಕರು, ಅವರ ಟಿಕೆಟ್ಟಿಗೆ ಚಂದಾ. ನಮ್ಮವರೇ ಆಡುವ ನಾಟಕಕ್ಕೆ ಹದಿನೈದು ನಿಮಿಷ, ಅದೂ ಊಟದ ಕ್ಯೂ ಶುರುವಾದ ಮೇಲೆ. ತಟ್ಟೆ ಸದ್ದಿನಲ್ಲಿ ಪಾಪ ಆ ಮಕ್ಕಳ ಮಾತು ಯಾರಿಗೂ ಕೇಳಿರೋದಿಲ್ಲ. 1949ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ನೀನಾಸಂ ಕಟ್ಟಿದ ಭಾಷೆಯವರು ನಾವು! ಆ ದುಡ್ಡಿನಲ್ಲಿ ಒಂದು ಭಾಗಕ್ಕೆ ಇಲ್ಲಿನ ಯಾವುದೇ ಊರಿನ ಹಾಲು ಚಳಿಗಾಲ ಪೂರ್ತಿ ವಾರಕ್ಕೊಂದು ಸಂಜೆ ತಾಲೀಮಿಗೆ ಸಿಗುತ್ತೆ. ಅವರಿಗೂ ಬಾಡಿಗೆ ಬೇಕಾಗಿದೆ, ಬಾಗಿಲು ತೆರೆದಿಡಲು. ನಮ್ಮೂರಿನ ಕ್ರಿಸ್‌ಮಸ್ ಪ್ಯಾಂಟೊಮೈಮಿನಲ್ಲಿ ಕೇರಳದ ನರ್ಸುಗಳ ಮಕ್ಕಳು ಆಗಲೇ ಸ್ಟೇಜಿನ ಮೇಲಿದ್ದಾರೆ. ಯಾರೂ ಅವರನ್ನು ಪ್ರೊಫೆಷನಲ್ಲಾ ಅಂತ ಕೇಳಲಿಲ್ಲ.

ಸಿಟ್ಟು ಬಂದವರು ಕಮೆಂಟಿನಲ್ಲಿ ಬೈಯಿರಿ, ಉತ್ತರ ಕೊಡ್ತೀನಿ. ಆದರೆ ಬೈಯೋ ಮುಂಚೆ ನಿಮ್ಮೂರಿನ ಹತ್ತಿರದ ಹಾಲಿನ ನೋಟೀಸ್ ಬೋರ್ಡ್ ಒಮ್ಮೆ ನೋಡಿ. ಮಾರ್ಚಿನಲ್ಲಾದರೆ ಏನಾದರೂ ಇದ್ದೇ ಇರುತ್ತೆ. ಸ್ವೆಟರ್ ಹಾಕ್ಕೊಂಡು ಹೋಗಿ, ಹೀಟಿಂಗ್ ನಂಬಬೇಡಿ. ಮಧ್ಯಂತರದಲ್ಲಿ ಚಾ, ಸ್ಕೋನ್, ಮೊಟ್ಟೆ ಸ್ಯಾಂಡ್‌ವಿಚ್ ಬಿಟ್ಟಿ. ರಾಫಲ್ ಟಿಕೆಟ್ ಮಾತ್ರ ಕೊಳ್ಳದೇ ಬಿಡೋದಿಲ್ಲ, ನಾನು ಇಷ್ಟು ವರ್ಷದಲ್ಲಿ ಗೆದ್ದಿದ್ದು ಒಂದು ಡಬ್ಬಿ ಬಿಸ್ಕತ್ತು :-)