ಬಚ್ಚಲುಮನೆಗೂ ಒಂದಿಷ್ಟು ಬಣ್ಣ

ಬೀಗರು ಬರುವರೆಂದರೆ ಪಡಸಾಲೆಗೆ ಬಣ್ಣವಾಗುತ್ತದೆ, ದೇವರ ಕೋಣೆಗೆ ಬಣ್ಣವಾಗುತ್ತದೆ, ತಲೆಬಾಗಿಲಿಗೆ ವಾರ್ನಿಶ್ ಆಗುತ್ತದೆ. ಬಚ್ಚಲುಮನೆಯ ಪಾಲಿಗೆ ಬರುವುದು ಒಂದು ಹೊಸ ಸಾಬೂನು ಮಾತ್ರ. ಮನೆಯ ಪ್ರತಿಯೊಬ್ಬರೂ ದಿನದ ಮೊದಲ ಘಳಿಗೆಯನ್ನು ಕಳೆಯುವ, ಪೂಜೆಗೆ ಕೂಡುವ ಮುನ್ನ ಮೈಯನ್ನು ಶುಚಿಗೊಳಿಸಿಕೊಳ್ಳುವ ಸ್ಥಳಕ್ಕೆ ನಾವು ತೋರುವ ಆದರ ಇಷ್ಟೇ. ಅನ್ಯರನ್ನು ದೂರುವುದೇಕೆ? ನಮ್ಮ ಮನೆಯ ಬಚ್ಚಲೂ ಕಳೆದ ವರ್ಷದವರೆಗೆ ಹಾಗೆಯೇ ಇದ್ದಿತು.

ಧಾರವಾಡದಲ್ಲಿರುವ ನಮ್ಮ ಮನೆ ಹಳೆಯದು. ಬಚ್ಚಲಿನ ನೆಲಕ್ಕೆ ಶಹಾಬಾದ ಫರಸಿ, ಗೋಡೆಗೆ ನಾಲ್ಕು ಅಡಿಯವರೆಗೆ ನುಣ್ಣನೆಯ ಸಿಮೆಂಟು, ಅದರ ಮೇಲೆ ಮಾಸಿದ ಬಣ್ಣ. ನೆಲವೂ ಬೂದಿ, ಗೋಡೆಯೂ ಬೂದಿ, ಹೊಸ್ತಿಲೂ ಬೂದಿ. ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ವಿಶ್ರಾಂತಿಗೆಂದು ಬಂದ ನಮ್ಮ ಅಕ್ಕನವರು ಮೂರನೆಯ ದಿನ ಹೊರಗೆ ಬಂದು, "ತಮ್ಮಾ, ನಿನ್ನ ಬಚ್ಚಲದಾಗ ಹೊಸ್ತಿಲಾ ಎಲ್ಲಿ ಮುಗೀತದ, ನೆಲಾ ಎಲ್ಲಿ ಸುರು ಆಗತದ, ಒಂದೂ ತಿಳಿಯೂದಿಲ್ಲೋ. ಕಾಲಿನಿಂದ ಹುಡುಕಿಕೋತ ಹೋಗಬೇಕು" ಎಂದರು. ಅವರಿಗೆ ಎಪ್ಪತ್ತೆಂಟು ವರ್ಷ. ಆ ವಯಸ್ಸಿನಲ್ಲಿ ಒಮ್ಮೆ ಜಾರಿ ಸೊಂಟದ ಎಲುಬು ಮುರಿದರೆ ಮತ್ತೆ ಮೊದಲಿನಂತೆ ಎದ್ದು ನಡೆಯುವವರು ಎಷ್ಟು ಜನ ಎಂಬುದನ್ನು ನಮ್ಮ ಓದುಗರು ತಮ್ಮ ಬಂಧುಬಳಗದಲ್ಲಿಯೇ ಕಂಡಿರುತ್ತಾರೆ. ಅಂದಿನಿಂದ ಬಚ್ಚಲಿನ ಅಂದವೆಂಬುದು ನಮಗೆ ಬರಿಯ ಅಂದದ ಮಾತಾಗಿ ಉಳಿಯಲಿಲ್ಲ.

ಹಂಚು ಕೂಡಿಸುವವರನ್ನು ಕರೆಯಿಸಿದೆವು. ಗೋಡೆ, ನೆಲ ಎಲ್ಲವನ್ನೂ ಒಡೆದು ಟೈಲ್ಸ್ ಹಾಕಲು ಅವರು ಹೇಳಿದ ಮೊತ್ತ ಅರವತ್ತು ಸಾವಿರ. ನಮ್ಮ ಮನೆಯವರು ಮಾತಿಲ್ಲದೆ ಚಹದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು. ಬಣ್ಣದಿಂದಲೇ ಏನಾದರೂ ಆಗಬಹುದೇ ಎಂಬ ವಿಚಾರ ಹುಟ್ಟಿದ್ದು ಹೀಗೆ.

ಆದರೆ ಬಣ್ಣದ ವಿಷಯದಲ್ಲಿ ನಾವು ಮೊದಲೇ ಒಮ್ಮೆ ಕೈ ಸುಟ್ಟುಕೊಂಡವರು. 2009ರಲ್ಲಿ "ನೀರು ಬಿದ್ದರೂ ಒರೆಸಿದರೆ ಹೋಗುತ್ತದೆ" ಎಂಬ ಮಾತನ್ನು ನಂಬಿ ಬಚ್ಚಲಿನ ಗೋಡೆಗೆಲ್ಲ ಹೊಳೆಯುವ ಆಯಿಲ್ ಪೇಂಟ್ ಬಳಿಸಿದ್ದೆವು. ಒಂದು ಮಳೆಗಾಲ ಕಳೆಯುವುದರೊಳಗೆ ಅದು ಹಪ್ಪಳದಂತೆ ಉಬ್ಬಿ, ಮರುವರ್ಷ ಪದರು ಪದರಾಗಿ ಬಿದ್ದಿತು. ಅದರ ಕಾರಣ ತಿಳಿದದ್ದು ಬಹಳ ತಡವಾಗಿ. ಸಿಮೆಂಟು ಮತ್ತು ಸುಣ್ಣದ ಗಾರೆಗಳು ಕ್ಷಾರಗುಣದವು. ತೇವವಿದ್ದಲ್ಲಿ ಆ ಕ್ಷಾರವು ಬಣ್ಣದೊಳಗಿನ ಎಣ್ಣೆಯನ್ನು ಸಾಬೂನಾಗಿ ಮಾರ್ಪಡಿಸುತ್ತದೆ. ಎಣ್ಣೆಗೆ ಕ್ಷಾರ ಬೆರೆಸಿ ಸಾಬೂನು ತಯಾರಿಸುವ ಕ್ರಿಯೆಯೇ ಗೋಡೆಯ ಮೇಲೆಯೂ ನಡೆಯುವುದು. ನಾವು ಹಣ ಕೊಟ್ಟು ಬಳಿಸಿದ ಬಣ್ಣ ಸಾಬೂನಾಗಿ ಬಚ್ಚಲಿನಲ್ಲಿಯೇ ಕರಗಿತೆಂದರೆ ಅದನ್ನು ಯೋಗ್ಯ ಅಂತ್ಯವೆನ್ನಬೇಕೋ ಏನೋ!

ಆದ್ದರಿಂದ ಈ ಸಲ ಮೊದಲು ನೀರಿನ ಮೂಲವನ್ನು ಹುಡುಕಿದೆವು. ಇದಕ್ಕೊಂದು ಸುಲಭ ಪರೀಕ್ಷೆಯುಂಟು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಅಂಟುಪಟ್ಟಿ ಹಚ್ಚಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆಯ ಕಡೆಗೆ, ಹನಿಗೂಡಿದರೆ ತೇವವು ಗೋಡೆಯೊಳಗಿನಿಂದ ಬರುತ್ತಿದೆ. ಹೊರಮೈಯಲ್ಲಿ ಹನಿಗೂಡಿದರೆ ಅದು ಸ್ನಾನದ ಹಬೆಯ ತೇವ, ಗಾಳಿಯಾಡಿಸಿದರೆ ಸಾಕು. ನಮ್ಮಲ್ಲಿ ಒಂದು ಗೋಡೆಯಲ್ಲಿ ಒಳಮೈ ತೊಯ್ದಿತ್ತು. ನಳದ ಕೊಳವೆಯ ಒಂದು ಜೋಡಣೆ ಗೋಡೆಯೊಳಗೆ ಸೋರುತ್ತಿದ್ದಿತು, ಎಷ್ಟು ವರ್ಷಗಳಿಂದಲೋ! ನಳದವರು ಅರ್ಧ ದಿನದಲ್ಲಿ ಸರಿಪಡಿಸಿದರು. ಆ ಭಾಗಕ್ಕೆ ಹೊಸ ಗಾರೆ ಮೆತ್ತಿ, ಪೂರ್ತಿ ಒಂದು ತಿಂಗಳು ಆರಲು ಬಿಟ್ಟೆವು. ಬಣ್ಣದವನು ನಾಲ್ಕು ಸಲ ಬಂದು ಅವಸರ ಮಾಡಿದ. ಅವನ ಅವಸರಕ್ಕೆ ಓಗೊಡದೆ ಇದ್ದುದೇ ಇಡೀ ಕೆಲಸದಲ್ಲಿ ನಾವು ಮಾಡಿದ ದೊಡ್ಡ ಸಾಧನೆ.

ಹಳೆಯ ಬಣ್ಣವನ್ನು ಕೆರೆಯುವಾಗ ಒಂದು ಎಚ್ಚರಿಕೆ ಅವಶ್ಯ. ಹಿಂದಿನ ಆಯಿಲ್ ಪೇಂಟುಗಳಲ್ಲಿ ಸೀಸದ ಅಂಶ ಇರುವ ಸಂಭವ ಹೆಚ್ಚು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ 90 ಭಾಗ ಮೀರಕೂಡದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ರಚಿಸಿತು. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಬಣ್ಣವನ್ನು ಒಣ ಉಪ್ಪುಕಾಗದದಿಂದ ಉಜ್ಜಿದರೆ ಏಳುವ ಧೂಳು ಎಲ್ಲರಿಗೂ ಕೇಡು. ಚಿಕ್ಕ ಮಕ್ಕಳಿಗಂತೂ ಅದು ಮೆದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುವ ವಿಷ. ಗೋಡೆಯನ್ನು ತೋಯಿಸಿ, ಹಸಿಯಾಗಿದ್ದಾಗಲೇ ಕೆರೆದು, ಚಕ್ಕೆಗಳನ್ನು ಕಾಗದದಲ್ಲಿ ಕಟ್ಟಿ ಹೊರಹಾಕಬೇಕು. ಮೊಮ್ಮಕ್ಕಳನ್ನು ಆ ಎರಡು ದಿನ ಬೇರೆ ಕಡೆಗೆ ಕಳಿಸಿದರೆ ಇನ್ನೂ ಉತ್ತಮ.

ಗೋಡೆಯ ಮೇಲ್ಭಾಗಕ್ಕೆ ನಾವು ಆರಿಸಿದ್ದು ಸುಣ್ಣ. ಬಣ್ಣದವನು ನಕ್ಕ. ನಗಲಿ. ಮಠದ ಪ್ರಸಾದನಿಲಯದಲ್ಲಿ ಓದುತ್ತಿದ್ದಾಗ ಪ್ರತಿ ವರ್ಷ ಶ್ರಾವಣಕ್ಕೆ ಮುನ್ನ ಹುಡುಗರೆಲ್ಲ ಸೇರಿ ಸ್ನಾನದ ಕಟ್ಟಡಕ್ಕೆ ಸುಣ್ಣ ಬಳಿಯುತ್ತಿದ್ದೆವು. ಮುನ್ನೂರು ಹುಡುಗರು ನೀರೆರಚುವ ಆ ಗೋಡೆಗಳಲ್ಲಿ ಬೂಸು ಕಂಡ ನೆನಪು ನಮಗಿಲ್ಲ. ಸುಣ್ಣದ ತೀಕ್ಷ್ಣ ಕ್ಷಾರದಲ್ಲಿ ಬೂಸು ಬೆಳೆಯಲಾರದು. ಸುಣ್ಣವು ಗೋಡೆಗೆ ಪ್ಲಾಸ್ಟಿಕ್ಕಿನಂತೆ ಮುಸುಕು ಹಾಕುವುದೂ ಇಲ್ಲ. ಒಳಗಿನ ತೇವ ಹೊರಗೆ ಹೋಗಲು ಎಡೆಗೊಡುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಕಾಲ ಕೆಳಗಿನ ಶಹಾಬಾದ ಫರಸಿಯೂ ಸುಣ್ಣದ ಕಲ್ಲೇ ಎಂಬುದನ್ನು ಬಲ್ಲವರಿಗೆ ಇದು ಸೋಜಿಗವೆನಿಸದು.

ಸುಟ್ಟ ಸುಣ್ಣದ ಹರಳು ಸಿಕ್ಕರೆ ನೀರಿಗೆ ಹರಳನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಹರಳಿನ ರಾಶಿಗೆ ನೀರು ಸುರಿಯಬಾರದು. ಅದು ಕೊತಕೊತ ಕುದಿದು ಸಿಡಿಯುತ್ತದೆ. ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಅಕಸ್ಮಾತ್ ಬಿದ್ದರೆ ತಡಮಾಡದೆ ಧಾರಾಳವಾದ ನೀರಿನಲ್ಲಿ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಅರಳಿದ ಸುಣ್ಣವನ್ನು ಕೆಲವು ದಿನ ನೀರಿನಲ್ಲಿ ಮುಳುಗಿಸಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗೋಂದಿನ ನೀರು ಬೆರೆಸಿ, ಹಾಲಿನ ಹದಕ್ಕೆ ತರಬೇಕು. ಗೋಡೆಗೆ ಮೊದಲು ನೀರು ಚಿಮುಕಿಸಿ, ತೆಳ್ಳಗೆ ಮೂರು ಸಲ ಬಳಿಯಬೇಕು. ಬಳಿದ ಕೂಡಲೇ ಏನೂ ಕಾಣಿಸದೆಂದು ಕೆಲವರು ದಪ್ಪಗೆ ಮೆತ್ತುತ್ತಾರೆ. ಅದು ಆರಿದ ಮೇಲೆ ಉದುರುತ್ತದೆ. ಸುಣ್ಣದ ಬಿಳುಪು ಒಣಗಿದಂತೆಲ್ಲ ಏರುವುದು.

ಈಗಾಗಲೇ ಎಮಲ್ಷನ್ ಅಥವಾ ಆಯಿಲ್ ಪೇಂಟ್ ಇರುವ ಗೋಡೆಗೆ ಸುಣ್ಣ ಹಿಡಿಯದು. ಅಂಥವರು ಗೋಡೆ ಆರಿದೆಯೆಂದು ಖಚಿತಪಡಿಸಿಕೊಂಡು, ಪ್ರೈಮರ್ ಹಚ್ಚಿ, ನೀರಿನಲ್ಲಿ ಕಲಸುವ ಒಳ್ಳೆಯ ಎಮಲ್ಷನ್ನನ್ನು ತಿಳಿಬಣ್ಣದಲ್ಲಿ ಬಳಿಯಲಿ. ಅಗ್ಗದ ಡಿಸ್ಟೆಂಪರ್ ಬಚ್ಚಲಿಗೆ ತಕ್ಕದ್ದಲ್ಲ.

ಇನ್ನು ಅಕ್ಕನವರ ಹೊಸ್ತಿಲಿನ ಮಾತು. ವಯಸ್ಸಾದ ಕಣ್ಣು ಬಣ್ಣಕ್ಕಿಂತ ಹೆಚ್ಚಾಗಿ ಬಣ್ಣಗಳ ನಡುವಿನ ಭೇದವನ್ನು ಅವಲಂಬಿಸಿ ನಡೆಯುತ್ತದೆ. ಹೊಸ್ತಿಲಿನ ಅಂಚಿಗೆ ಎರಡು ಬೆರಳಗಲ ಹಳದಿ ಪಟ್ಟಿಯನ್ನು ಬಳಿದು, ಬಣ್ಣ ಹಸಿಯಿದ್ದಾಗಲೇ ಅದರ ಮೇಲೆ ಸೋಸಿದ ಸಣ್ಣ ಮರಳನ್ನು ಉದುರಿಸಿದೆವು. ಪಟ್ಟಿ ಕಣ್ಣಿಗೂ ಕಾಣುತ್ತದೆ, ಕಾಲಿಗೂ ತಿಳಿಯುತ್ತದೆ. ಬೂದಿ ಸಿಮೆಂಟು ಮುಗಿದು ಬಿಳಿ ಸುಣ್ಣ ಆರಂಭವಾಗುವಲ್ಲಿ ಸುತ್ತಲೂ ಹುರಮಂಜಿನ ಒಂದು ಪಟ್ಟೆ ಎಳೆದೆವು. ನಮ್ಮ ಹಳ್ಳಿಯ ಮನೆಗಳಲ್ಲಿ ಬಾಗಿಲ ಸುತ್ತ ಎಳೆಯುತ್ತಿದ್ದ ಅದೇ ಕೆಂಪು. ಮಣ್ಣಿನ ಬಣ್ಣವಾದ್ದರಿಂದ ಸುಣ್ಣದ ಕ್ಷಾರಕ್ಕೆ ಅದು ಮಾಸುವುದಿಲ್ಲ. ಬಚ್ಚಲಿಗೆ ಇಷ್ಟೊಂದು ಶೋಭೆ ತರುವ ವಸ್ತುವಿಗೆ ತಗಲಿದ ಖರ್ಚು ಮೂವತ್ತು ರೂಪಾಯಿ. ನೆಲಕ್ಕೆ ಮಾತ್ರ ಬಣ್ಣ ಬೇಡ; ತೊಯ್ದಾಗ ಅದು ಎಣ್ಣೆಯಷ್ಟೇ ಜಾರುತ್ತದೆ. ಅಕ್ಕನವರು ಟವೆಲ್ ಹಾಕುವ ಸರಳನ್ನು ಹಿಡಿದು ಏಳುವುದನ್ನು ಕಂಡು, ಗೋಡೆಯ ಕಲ್ಲಿಗೆ ಗಟ್ಟಿಯಾಗಿ ಕಚ್ಚುವ ಉಕ್ಕಿನ ಹಿಡಿಕೆಯೊಂದನ್ನು ಕೂಡಿಸಿದೆವು. ನಮ್ಮ ಖರ್ಚಿನಲ್ಲಿ ದೊಡ್ಡ ಬಾಬು ಅದೇ.

ಫರಸಿಯನ್ನು ಬೆಳಗಲು ಅನೇಕರು ಆಸಿಡ್ ಸುರಿಯುತ್ತಾರೆ. ಸುಣ್ಣದ ಕಲ್ಲನ್ನು ಆಸಿಡ್ ತಿನ್ನುತ್ತದೆ. ಬುರುಗೆದ್ದುದನ್ನು ಕಂಡು ಕೊಳೆ ಹೋಗುತ್ತಿದೆಯೆಂದು ಸಂತೋಷಪಡುವವರು ಕಲ್ಲೇ ಹೋಗುತ್ತಿರುವುದನ್ನು ಅರಿಯರು. ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರು ಮತ್ತು ತೆಂಗಿನ ನಾರು ಸಾಕು. ಬ್ಲೀಚಿಂಗ್ ಪುಡಿಯನ್ನು ಆಸಿಡ್ಡಿನೊಡನೆ ಎಂದಿಗೂ ಕೂಡಿಸಬಾರದು. ಅದರಿಂದ ಹೊಮ್ಮುವ ಕ್ಲೋರಿನ್ ಅನಿಲ ಸಣ್ಣ ಕೋಣೆಯಲ್ಲಿ ಉಸಿರನ್ನೇ ಕಟ್ಟಿಸುತ್ತದೆ.

ಈಗ ಹೇಳುವ ಮಾತನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕು. ಬಣ್ಣದವನು ಕೆಲಸ ಮುಗಿಸುವ ದಿನ, "ಮೇಲಿನ ಜಾಲಂಧ್ರಕ್ಕೆ ಬಣ್ಣದ ಗಾಜು ಕೂಡಿಸಿ ಮುಚ್ಚಿಬಿಡೋಣರಿ, ಸೊಳ್ಳೆಯೂ ಬರೂದಿಲ್ಲ, ಛಂದನೂ ಕಾಣತದ" ಎಂದ. ನಮ್ಮ ಮನೆಯವರಿಗೆ ಅದು ಒಪ್ಪಿಗೆಯೂ ಆಯಿತು. ಆಗ ನಮ್ಮ ಕಣ್ಣು ಬಿದ್ದದ್ದು ಮೂಲೆಯ ಗ್ಯಾಸ್ ಗೀಸರಿನ ಮೇಲೆ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಗಾಳಿಯಲ್ಲಿನ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೋನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಅದೇ ಆಕ್ರಮಿಸುತ್ತದೆ. ಸ್ನಾನಕ್ಕೆ ಹೋದವರು ತಲೆ ತಿರುಗಿ ಕೂಡುತ್ತಾರೆ. ಕೂಗುವ ತ್ರಾಣವೂ ಇರುವುದಿಲ್ಲ. ನವವಿವಾಹಿತರು, ತಾಯಿ ಮಕ್ಕಳು ಹೀಗೆ ಬಚ್ಚಲಿನಲ್ಲಿಯೇ ಅಸುನೀಗಿದ ಸುದ್ದಿಗಳನ್ನು ನಾವು ನೀವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಗಾಜಿನ ಮಾತು ಅಲ್ಲಿಗೇ ನಿಂತಿತು. ಜಾಲಂಧ್ರಕ್ಕೆ ಸೊಳ್ಳೆಯ ತಂತಿಬಲೆ ಬಿಗಿಸಿ, ಗೀಸರನ್ನು ಹೊರಗೋಡೆಗೆ ಸಾಗಿಸಿ, ಬಿಸಿನೀರಿನ ಕೊಳವೆಯನ್ನು ಮಾತ್ರ ಒಳಗೆ ತಂದೆವು. ಆ ಕೆಲಸ ಬಣ್ಣದ ಲೆಕ್ಕಕ್ಕೆ ಸೇರದು. ಆದರೆ ಬಣ್ಣದ ನೆವದಿಂದಲೇ ಆಯಿತು.

ಉಳಿದ ಅಲಂಕಾರವೆಲ್ಲ ನಮ್ಮ ಮನೆಯವರದು. ಕಿಟಕಿಯ ಬೆಳಕು ಬೀಳುವ ಎದುರು ಗೋಡೆಗೆ ಹಳೆಯ ಕನ್ನಡಿ ತೂಗುಹಾಕಿದರು. ಹಗಲಿನಲ್ಲಿ ದೀಪ ಹಚ್ಚುವುದು ತಪ್ಪಿತು. ಸಾಬೂನು ಸೋಡಾಗಳ ಗೂಡಿಗೆ ಹರಿದ ಇಳಕಲ್ಲ ಸೀರೆಯ ಅಂಚಿನ ಪರದೆ ಬಂದಿತು. ಅಟ್ಟದಲ್ಲಿ ಕಪ್ಪಾಗಿ ಬಿದ್ದಿದ್ದ ಹಿತ್ತಾಳೆಯ ತಂಬಿಗೆ ಹುಣಸೆಹಣ್ಣಿನಿಂದ ಬೆಳಗಿಸಿಕೊಂಡು ಕೆಳಗಿಳಿಯಿತು. ಗೀಸರು ಮತ್ತು ಕೊಳವೆಯ ಕೆಲಸ ಬಿಟ್ಟರೆ ಒಟ್ಟು ಖರ್ಚು ನಾಲ್ಕು ಸಾವಿರವನ್ನು ದಾಟಲಿಲ್ಲ.

ಸುಣ್ಣದ ಹಳದಿ ಛಾಯೆ ಅಡಗಲೆಂದು ಕಡೆಯ ಸಲ ಬಳಿಯುವಾಗ ಬಟ್ಟೆಗೆ ಹಾಕುವ ನೀಲಿಯನ್ನು ಚಿಟಿಕೆಯಷ್ಟು ಬೆರೆಸಿದ್ದೆವು. ಅಕ್ಕನವರು ಹೊಸ ಬಚ್ಚಲಿನ ಬಾಗಿಲಲ್ಲಿ ನಿಂತು, ಒಂದು ಕಣ್ಣು ಮುಚ್ಚಿ ನೋಡಿದರು; ಮತ್ತೊಂದು ಕಣ್ಣು ಮುಚ್ಚಿ ನೋಡಿದರು. "ಹೊಸಾ ಕಣ್ಣಿಗೆ ನೀಲಿ ಕಾಣತದ, ಹಳೇ ಕಣ್ಣಿಗೆ ಹಳದಿ ಕಾಣತದ. ನೀವು ಬಳದದ್ದರೆ ಯಾವದು?" ಎಂದು ಕೇಳಿದರು. ಪೊರೆಯಿರುವ ಕಣ್ಣಿಗೆ ಬಿಳುಪು ಹಳದಿಯಾಗಿ ಕಾಣುವುದು ಸಹಜವೆಂದು ವೈದ್ಯರು ಆಮೇಲೆ ತಿಳಿಸಿದರು. ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆ ಕಾರ್ತಿಕದಲ್ಲಿ ಆಗಬೇಕಾಗಿದೆ. ಉಳಿದ ಸುಣ್ಣವನ್ನು ನೀರು ತೇಲಿಸಿ ಗಡಿಗೆಯಲ್ಲಿ ಮುಚ್ಚಿಟ್ಟಿದ್ದೇವೆ. ನೀಲಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಅಕ್ಕನವರು ಆಗ ಹೇಳಲಿದ್ದಾರೆ.