ದೂರದ ಬೆಟ್ಟ ನುಣ್ಣಗೆ

ಹೊಸ ವಸ್ತುವೊಂದು ಮನೆಗೆ ಬಂದರೆ ಅದರ ಗುಣವನ್ನು ನೋಡುವುದಕ್ಕೆ ಮುಂಚೆ ಅದರ ಸಂಖ್ಯೆಯನ್ನು ಸಾರುವುದು ಈ ಕಾಲದ ವಾಡಿಕೆ. ನಮ್ಮ ಸೋದರಳಿಯ ಕೊಂಡುತಂದ ಡಿಜಿಟಲ್ ಕ್ಯಾಮೆರಾದ ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆಗಳಿದ್ದವು: ದಪ್ಪಕ್ಷರದಲ್ಲಿ 240, ಸಣ್ಣಕ್ಷರದಲ್ಲಿ 60. ಮಾದಪ್ಪನ ದರ್ಶನಕ್ಕೆ ಹೊರಟಿದ್ದ ನಮಗೆ ಅದನ್ನು ಪರೀಕ್ಷಿಸುವ ಅವಕಾಶವೂ ಒದಗಿತು.

ಹನೂರು ದಾಟಿ, ತಾಳಬೆಟ್ಟದಿಂದ 27 ತಿರುವುಗಳನ್ನೇರಿ ಮಲೆಯನ್ನು ಸೇರಿದೆವು. ಅಲ್ಲಿ 2023ರಲ್ಲಿ ಅನಾವರಣಗೊಂಡ, ಹುಲಿಯನ್ನೇರಿದ ಮಹದೇಶ್ವರರ 108 ಅಡಿ ಎತ್ತರದ ಪ್ರತಿಮೆಯುಂಟು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಗುರಿ ಬೇಕೆ?

ಮೊದಲು ಸಂಖ್ಯೆಯ ಮಾತು. 60 ಪಟ್ಟು ಎಂದರೆ ಬರಿಗಣ್ಣಿಗಿಂತ 60 ಪಟ್ಟು ಹತ್ತಿರವೆಂದು ಅರ್ಥವಲ್ಲ. ಮಸೂರದ ಅತಿ ಅಗಲದ ನೋಟಕ್ಕೂ ಅತಿ ದೂರದ ನೋಟಕ್ಕೂ ಇರುವ ಅನುಪಾತವೇ ಅದು. 20 ಮಿಲಿಮೀಟರಿನಿಂದ 1200ರವರೆಗೆ ಚಾಚುವ ಕ್ಯಾಮೆರಾವನ್ನು ಸಾಧಾರಣ ನೋಟದ 50 ಮಿಲಿಮೀಟರಿಗೆ ಹೋಲಿಸಿದರೆ ನಿಜವಾದ ಹೆಚ್ಚಳ 24 ಪಟ್ಟು ಮಾತ್ರ. ಇನ್ನು 240? ಅದು ಡಿಜಿಟಲ್ ಜೂಮಿನ ಲೆಕ್ಕ. ಅಲ್ಲಿ ಮಸೂರವು ಕದಲುವುದೇ ಇಲ್ಲ. ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುವುದಷ್ಟೆ. ನಾಲ್ಕು ಪಟ್ಟು ಹಿಗ್ಗಿಸಿದರೆ 160 ಲಕ್ಷ ಬಿಂದುಗಳಲ್ಲಿ ಉಳಿಯುವುವು ಹದಿನಾರನೆಯ ಒಂದು ಪಾಲು, ಹತ್ತು ಲಕ್ಷ. ಉಳಿದುದು ಯಂತ್ರದ ಊಹೆ.

ಬೆಳಗಿನ ತಂಪಿನಲ್ಲಿ, ಮುಕ್ಕಾಲಿಯ ಮೇಲಿಟ್ಟು ತೆಗೆದ 60ರ ಚಿತ್ರದಲ್ಲಿ ಹುಲಿಯ ಪಟ್ಟೆಗಳು ಸ್ಪಷ್ಟವಾಗಿದ್ದವು. ಅದೇ ಸ್ಥಳದಿಂದ ಮಧ್ಯಾಹ್ನ ತೆಗೆದಾಗ, ಕಾದ ಗಾಳಿಯ ಅಲೆಯಿಂದ ಪಟ್ಟೆಗಳು ನೀರಿನಲ್ಲಿ ಕಂಡಂತೆ ನಡುಗಿದವು. ಕೈಯಲ್ಲಿ ಹಿಡಿದರೆ ಮತ್ತೂ ಕಷ್ಟ. ಎರಡು ಡಿಗ್ರಿಗೂ ಕಿರಿದಾದ ನೋಟದಲ್ಲಿ ಉಸಿರೂ ಭೂಕಂಪವೇ.

ಇಂಥ ಕ್ಯಾಮೆರಾಗಳೊಳಗಿನ ಬೆಳಕಿನ ಫಲಕವು ಸುಮಾರು 6 ಮಿಲಿಮೀಟರ್ ಅಗಲ, 4.5 ಮಿಲಿಮೀಟರ್ ಎತ್ತರ. ಹಳೆಯ ಫಿಲ್ಮಿನ ಚೌಕಕ್ಕೆ ಹೋಲಿಸಿದರೆ ಮೂವತ್ತರಲ್ಲೊಂದು ಭಾಗ. ಬೆಳಕು ಕುಗ್ಗಿದೊಡನೆ ಚಿತ್ರದ ತುಂಬ ಕಾಳುಕಾಳು ಮೂಡುತ್ತದೆ. ಅದನ್ನು ಮರೆಮಾಡಲು ಯಂತ್ರವು ಎಲ್ಲವನ್ನೂ ನಯವಾಗಿ ತೀಡಿಬಿಡುತ್ತದೆ. ಕಾಳಿನೊಂದಿಗೆ ಕೂದಲು, ಎಲೆ, ಚುಕ್ಕೆಗಳೂ ಅಳಿಸಿಹೋಗುತ್ತವೆ.

ಈ ಮಾತಿನ ಬೆಲೆ ನಮಗೆ ತಿಳಿದದ್ದು ಇಳಿದು ಬರುವಾಗ. ಹನೂರಿನ ಬಳಿಯ ಹೊಲವೊಂದರ ಅಂಚಿನಲ್ಲಿ, ಮುಸ್ಸಂಜೆಯಲ್ಲಿ, ಹಳದಿಯ ಪ್ರಾಣಿಯೊಂದು ದಾಟಿತು. ಅಳಿಯನು 240ಕ್ಕೇ ಏರಿಸಿ ಚಿತ್ರ ತೆಗೆದ. ಚಹದ ಅಂಗಡಿಯಲ್ಲಿ ಜನ ನೆರೆದರು. ಕೆಲವರು ಚಿರತೆಯೆಂದರು, ಕೆಲವರು ನಾಯಿಯೆಂದರು. ಮಗುವನ್ನು ಕಂಕುಳಲ್ಲಿಟ್ಟುಕೊಂಡಿದ್ದ ತಾಯಿಯೊಬ್ಬಳು, "ನಾಳೆ ದೊಡ್ಡ ಮಗನನ್ನು ಹೊಲದ ದಾರಿಯಲ್ಲಿ ಶಾಲೆಗೆ ಕಳಿಸಬಹುದೇ ಸ್ವಾಮಿ?" ಎಂದು ಕೇಳಿದಳು.

ಅಳಿಯ, "ಚುಕ್ಕೆಗಳೇ ಇಲ್ಲವಲ್ಲ, ನಾಯಿಯೇ" ಎನ್ನಲು ಬಾಯಿ ತೆರೆದ. ನಾನು ತಡೆದೆ. ಚಿತ್ರದಲ್ಲಿ ಚುಕ್ಕೆಯಿಲ್ಲವೆಂದರೆ ಪ್ರಾಣಿಯ ಮೈಮೇಲೂ ಇಲ್ಲವೆಂದು ಹೇಗೆ ಹೇಳುವುದು? ತೀಡಿದವನು ನಡುವೆ ಒಬ್ಬನಿದ್ದಾನೆ! ಈ ಸೀಮೆಯ ಮಲೆಮಹದೇಶ್ವರ ಮತ್ತು ಕಾವೇರಿ ವನ್ಯಧಾಮಗಳಲ್ಲಿ ಚಿರತೆಗಳನ್ನು ಒಂದೊಂದಾಗಿ ಗುರುತಿಸಿ ಎಣಿಸಿರುವುದು ಮೈಯ ಚುಕ್ಕೆಗಳಿಂದಲೇ. ಆದರೆ ಅಲ್ಲಿ ಕ್ಯಾಮೆರಾವನ್ನು ಪ್ರಾಣಿ ನಡೆಯುವ ಜಾಡಿನ ಪಕ್ಕದಲ್ಲೇ ಕಟ್ಟುತ್ತಾರೆ. ದೂರದಿಂದ ಎಳೆದು ತರುವುದಿಲ್ಲ. "ಈ ಚಿತ್ರದಿಂದ ಹೇಳಲಾಗದು, ತಾಯಿ. ನಾಳೆ ಒಬ್ಬನೇ ಹೋಗುವುದು ಬೇಡ" ಎಂದೆ. ಅಳಿಯನ ಮುಖ ಸಣ್ಣದಾಯಿತು.

ಆ ರಾತ್ರಿ ಊರಿನಲ್ಲೇ ತಂಗಿದೆವು. ಬೆಳಗ್ಗೆ ಹಿರಿಯರೊಬ್ಬರು ಕಾಲುವೆಯ ಕೆಸರನ್ನು ತೋರಿಸಿದರು. ಹೆಜ್ಜೆಯ ಮುಂದೆ ಉಗುರಿನ ಗುರುತುಗಳಿದ್ದವು. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಂಡಿರುತ್ತದೆ. ನಾಯಿಗೆ ಆ ಸೌಕರ್ಯವಿಲ್ಲ. ತಾಯಿ ನಕ್ಕಳು. ಆದರೂ ಹುಡುಗನ ಜೊತೆಗೆ ಹಿರಿಯರು ಶಾಲೆಯವರೆಗೆ ನಡೆದರು.

ಕ್ಯಾಮೆರಾ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೆ. ಪೆಟ್ಟಿಗೆಯ ಸಣ್ಣಕ್ಷರದ ಸಂಖ್ಯೆಯನ್ನು ಓದಿರಿ. ವೃತ್ತಪತ್ರಿಕೆಯ ಹಾಳೆಯೊಂದನ್ನು ದೂರದ ಗೋಡೆಗೆ ಅಂಟಿಸಿ, ಬೆಳಗ್ಗೆಯೂ ಸಂಜೆಯೂ ಚಿತ್ರ ತೆಗೆದು, ಯಾವ ಗಾತ್ರದ ಅಕ್ಷರದವರೆಗೆ ಓದಬಹುದೆಂದು ನೋಡಿರಿ. ಡಿಜಿಟಲ್ ಜೂಮನ್ನು ಮುಚ್ಚಿಡಿರಿ. ಕತ್ತರಿಸುವ ಕೆಲಸವನ್ನು ಮನೆಯಲ್ಲಿ ನಿಧಾನವಾಗಿ ನಾವೇ ಮಾಡಿಕೊಳ್ಳಬಹುದು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದರು ಹಿರಿಯರು. ಕ್ಯಾಮೆರಾದ ಕಣ್ಣಿಗೆ ಅದು ಇನ್ನೂ ನುಣ್ಣಗೆ.